ಮುಟ್ಟಿದ ಮ್ಯಾಲ ಫೋನ್ ಹಚ್ಚು

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಮುಟ್ಟಿದ ಮ್ಯಾಲ ಫೋನ್ ಹಚ್ಚು.' ಕಿಟಕಿಯ ಸರಳು ಹಿಡಿದು ಅವ್ವ ಹೇಳುತ್ತಾಳೆ, ಒಳಗೆ ಕೂತ ಮಗ ತಲೆಯಾಡಿಸುತ್ತಾನೆ. ಮೈಸೂರು ಸೀಮೆಯವರಾದರೆ 'ತಲುಪಿದ ಮೇಲೆ' ಎನ್ನುತ್ತಾರೆ, ಇಲ್ಲವೇ 'ಹೋಗಿ ಸೇರಿದ ಮೇಲೆ' ಎನ್ನುತ್ತಾರೆ. ನನಗೆ ಇಷ್ಟವಾಗುವುದು ಉತ್ತರ ಕರ್ನಾಟಕದ ಮಾತು. ರಾತ್ರಿಯಿಡೀ ಬಸ್ಸಿನಲ್ಲಿ ತೂಗಿ ಬಂದವನು ಬೆಳಿಗ್ಗೆ ಬೆಂಗಳೂರನ್ನು 'ಮುಟ್ಟುತ್ತಾನೆ'. ಆಮೇಲೆ ಅವನು ಫೋನ್ ಮಾಡುತ್ತಾನೆ, ಅವ್ವನಿಗೆ ಸುದ್ದಿ ಮುಟ್ಟುತ್ತದೆ.

ಕಾಗದಗಳ ಕಾಲದಲ್ಲೂ ಹೀಗೇ ಇತ್ತು. ನಿಮ್ಮ ಪತ್ರ ಮುಟ್ಟಿತು, ಕಳಿಸಿದ ಮನಿಯಾರ್ಡರ್ ಮುಟ್ಟಿತು ಎಂದೇ ಬರೆಯುತ್ತಿದ್ದರು. ಕಥೆ ಮನಸ್ಸು ಮುಟ್ಟುತ್ತದೆ. ಬಾಣ ಗುರಿ ಮುಟ್ಟುತ್ತದೆ. ಸೊಕ್ಕಿದವರಿಗೆ ಬಿಸಿ ಮುಟ್ಟಿಸುತ್ತೇವೆ. ಬೇಸರಗೊಂಡವರು ಅನ್ನ ಮುಟ್ಟುವುದಿಲ್ಲ. ರೈತನ ನೇಗಿಲು ಕುಂಟೆಗಳಿಗೂ ಬಡಗಿಯ ಉಳಿ ಬಾಚಿಗಳಿಗೂ ಮುಟ್ಟು ಎಂಬ ಹಳೆಯ ಹೆಸರಿದೆ. ಸಾಲ ತೀರಿಸದವನ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಅಕ್ಕಪಕ್ಕದ ಭಾಷೆಗಳಿಗೆ ಹೋದರೆ ತಮಿಳಿನಲ್ಲಿ ಇದೇ ಮಾತು ಡಿಕ್ಕಿ ಹೊಡೆಯುವುದಾಗುತ್ತದೆ, ಮಲಯಾಳದಲ್ಲಿ ಬಾಗಿಲು ತಟ್ಟುವುದಾಗುತ್ತದೆ.

ಮಾತಿನಲ್ಲಿ ಇಷ್ಟು ಹರಡಿದ ಮುಟ್ಟುವಿಕೆ ಮೈಗೆ ಹೇಗೆ ತಿಳಿಯುತ್ತದೆ? ಪಂಚೇಂದ್ರಿಯಗಳಲ್ಲಿ ಕಣ್ಣು ಕಿವಿಗಳ ಗುಟ್ಟು ವಿಜ್ಞಾನಕ್ಕೆ ಮೊದಲೇ ತಿಳಿಯಿತು. ಸ್ಪರ್ಶದ್ದು ಬಹಳ ತಡವಾಯಿತು. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಅರ್ಡೆಮ್ ಪಟಪೌಟಿಯನ್ ಮತ್ತು ಸಂಗಡಿಗರು ಒಂದೊಂದೇ ಜೀವಕೋಶವನ್ನು ಅತಿ ಸಣ್ಣ ಗಾಜಿನ ಮೊನೆಯಿಂದ ಒತ್ತಿ ನೋಡಿದರು. ಅನುಮಾನವಿದ್ದ 72 ಜೀನ್‌ಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಸುಮ್ಮನಾಗಿಸುತ್ತ ಹೋದರು. ಕೊನೆಗೆ ಒಂದನ್ನು ಸುಮ್ಮನಾಗಿಸಿದಾಗ ಕೋಶಕ್ಕೆ ಒತ್ತಡವೇ ತಿಳಿಯದಾಯಿತು. ಅದಕ್ಕೆ ಪೈಜೋ1 ಎಂದು ಹೆಸರಿಟ್ಟರು. ಅದರ ಜೊತೆಯ ಪೈಜೋ2 ನಮ್ಮ ಚರ್ಮದ ಸ್ಪರ್ಶಕ್ಕೆ ಬೇಕಾದದ್ದು. 2021ರಲ್ಲಿ ಪಟಪೌಟಿಯನ್ ಅವರಿಗೂ ಇನ್ನೊಬ್ಬ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೂ ಒಟ್ಟಿಗೆ ನೊಬೆಲ್ ಬಂತು. ಹುಟ್ಟಿನಿಂದಲೇ ಪೈಜೋ2 ಕೆಲಸ ಮಾಡದ ಕೆಲವರು ಇದ್ದಾರೆ. ಕಣ್ಣು ಮುಚ್ಚಿದರೆ ಅವರಿಗೆ ತಮ್ಮ ಕೈಕಾಲುಗಳು ಎಲ್ಲಿವೆ ಎಂಬುದೇ ಸರಿಯಾಗಿ ತಿಳಿಯದು. ನಮ್ಮ ಮೈ ನಮ್ಮದು ಎಂಬ ಭರವಸೆಗೂ ಈ ಇಂದ್ರಿಯವೇ ಆಧಾರ ಎಂದು ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಕೂದಲಿರುವ ಚರ್ಮದಲ್ಲಿ ಇನ್ನೊಂದು ಬಗೆಯ ನರಗಳಿವೆ. ಚುಚ್ಚಿದ್ದು, ಸುಟ್ಟದ್ದು ಅವುಗಳ ವ್ಯವಹಾರವಲ್ಲ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ಯಾರಾದರೂ ಮೆಲ್ಲಗೆ ಸವರಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಮಗುವಿನ ಬೆನ್ನು ನೇವರಿಸುವ ತಾಯಿಯ ಕೈ ಹೆಚ್ಚುಕಡಿಮೆ ಇದೇ ವೇಗದಲ್ಲಿ ಓಡಾಡುತ್ತದೆ.

1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಆನಿಸಿ ಕಟ್ಟಿದರು. ಅದೇ ಇಂದಿನ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದ ಕೂಡಲೇ ಮೈಗೆ ಮೈ ಹಚ್ಚಿದರೆ ಇಂಥ ಶಿಶುಗಳ ಸಾವು ಕಾಲುಭಾಗ ಕಡಿಮೆಯಾಗುತ್ತದೆ ಎಂದು ಅದರಿಂದ ತಿಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ನಡೆದಿದೆ.

ಇಷ್ಟು ಬೇಕಾದ ಮುಟ್ಟುವಿಕೆಗೆ ನಾವು ಕಟ್ಟಿದ ಬೇಲಿಗಳನ್ನು ನೆನೆದರೆ ಸಂಕಟವಾಗುತ್ತದೆ.

'ಕಾಗೆ ಮುಟ್ಟಿದೆ' ಎಂಬ ಮಾತನ್ನು ಕೇಳದ ಕನ್ನಡ ಮಕ್ಕಳು ಕಡಿಮೆ. ಅಮ್ಮ ಯಾಕೆ ಹಿತ್ತಲಲ್ಲಿ ಒಬ್ಬಳೇ ಕೂತಿದ್ದಾಳೆ, ಯಾಕೆ ತಟ್ಟೆಗೆ ಮೇಲಿನಿಂದ ಅನ್ನ ಹಾಕುತ್ತಾರೆ ಎಂದು ಮಗು ಕೇಳಿದರೆ ಅಜ್ಜಿ ಕೊಡುತ್ತಿದ್ದ ಉತ್ತರ ಅದು. ಮಗು ಆಕಾಶ ನೋಡಿ ಕಾಗೆಯನ್ನು ಹುಡುಕುತ್ತಿತ್ತು. ಮುಟ್ಟಬಾರದ ಮೂರು ದಿನಗಳಿಗೆ ಭಾಷೆ ಇಟ್ಟ ಹೆಸರು ಮಾತ್ರ 'ಮುಟ್ಟು'. ಮುಟ್ಟಾದವಳನ್ನು ಮುಟ್ಟುವ ಹಾಗಿಲ್ಲ! ಇದು ಹಳೆಯ ಕಾಲದ ಕಥೆಯೂ ಅಲ್ಲ. ತುಮಕೂರಿನ ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ 2023ರ ಮಳೆಗಾಲದಲ್ಲಿ ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಆ ಥಂಡಿಯಲ್ಲಿ ಹಸುಗೂಸು ತೀರಿಕೊಂಡಿತು. ಕೂಸಿಗೆ ಬೇಕಿದ್ದದ್ದು ಬೆಚ್ಚನೆಯ ಮನೆ, ಎತ್ತಿಕೊಳ್ಳಲು ನಾಲ್ಕಾರು ಕೈಗಳು. ಅವು ಕೂಗಳತೆಯ ದೂರದಲ್ಲೇ ಇದ್ದವು.

ಇನ್ನೊಂದು ಬೇಲಿ ಜಾತಿಯದು. ನಮ್ಮ ಹಳ್ಳಿಗಳಲ್ಲಿ ಕೂಲಿ ಕೊಡುತ್ತಿದ್ದ ಬಗೆಯನ್ನು ನೆನಪಿಸಿಕೊಳ್ಳಿ. ಒಡೆಯ ಜಗಲಿಯ ಮೇಲೆ, ಕೆಲಸದವನು ಅಂಗಳದಲ್ಲಿ. ನಾಣ್ಯ ಒಡ್ಡಿದ ಬೊಗಸೆಗೆ ಮೇಲಿನಿಂದ ಬೀಳುತ್ತಿತ್ತು, ಇಲ್ಲವೇ ನೆಲಕ್ಕೆ. ಬೆರಳಿಗೆ ಬೆರಳು ತಾಗಬಾರದು. 'ಕೂಲಿ ಮುಟ್ಟಿತೇನೋ?' ಎಂದು ಒಡೆಯ ಕೇಳುತ್ತಿದ್ದ, 'ಮುಟ್ಟಿತು ಸೋಮಿ' ಎಂದು ಇವನು ಹೇಳುತ್ತಿದ್ದ. ಅಷ್ಟು ಹೊತ್ತೂ ಯಾರೂ ಯಾರನ್ನೂ ಮುಟ್ಟದಂತೆ ಎಚ್ಚರ ವಹಿಸಿದ ಇಬ್ಬರ ಬಾಯಲ್ಲೂ ಅದೇ ಮಾತು. ಇದಕ್ಕಿಂತ ದುಃಖದ ಸಂಭಾಷಣೆ ಕನ್ನಡದಲ್ಲಿ ನನಗೆ ಗೊತ್ತಿಲ್ಲ.

ಯು.ಆರ್. ಅನಂತಮೂರ್ತಿಯವರ 'ಭಾರತೀಪುರ' 1973ರ ಕಾದಂಬರಿ. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ತನ್ನ ಮನೆಯ ಸಾಲಿಗ್ರಾಮವನ್ನು ದೇವರ ಕೋಣೆಯಿಂದ ಅಂಗಳಕ್ಕೆ ತಂದು ಹೊಲೆಯರ ಮುಂದೆ ಹಿಡಿಯುತ್ತಾನೆ. ಮುಟ್ಟಿ ಎನ್ನುತ್ತಾನೆ. ಅವರು ಹೆದರುತ್ತಾರೆ. ಮನೆಯವರು ಗಾಬರಿಯಿಂದ ನೋಡುತ್ತಿದ್ದಾರೆ. ಅವನ ದನಿ ಏರುತ್ತದೆ, ಬೇಡಿಕೆ ಹೋಗಿ ಆಜ್ಞೆಯಾಗುತ್ತದೆ, ಬಿಡಿಸಲು ಹೊರಟವನೇ ಅವರ ಮೇಲೆ ಕ್ರೂರಿಯಾಗುತ್ತಾನೆ. ಕೊನೆಗೆ ಅವರು ಯಾಂತ್ರಿಕವಾಗಿ ಮುಟ್ಟಿ ಹೊರಟುಹೋಗುತ್ತಾರೆ. ಅವನು ಸಾಲಿಗ್ರಾಮವನ್ನು ಎಸೆಯುತ್ತಾನೆ. ಕಲ್ಲಿಗೆ ಬೆರಳು ತಾಗಿತು, ಆದರೆ ಆ ಅಂಗಳದಲ್ಲಿ ಯಾರಿಗೂ ಏನೂ ಮುಟ್ಟಲಿಲ್ಲ. ಜಗನ್ನಾಥನ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಅವನು ಕೇಳಿದ್ದು ತನ್ನ ಬಿಡುಗಡೆಗೆ ಬೇಕಾದ ಮುಟ್ಟನ್ನು. ಅವರಿಗೆ ಏನು ಬೇಕಿತ್ತು ಎಂದು ಕೇಳಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದದ್ದು ಬೇರೆಯೇ ಬಗೆ. ಅಲ್ಲಿ ಯಾರೂ ಅವರಿಗೆ ಮುಟ್ಟಿ ಎಂದು ಹೇಳಬೇಕಿರಲಿಲ್ಲ. ಆಮೇಲೆ ಮೇಲುಜಾತಿಯವರು ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು ಇನ್ನೂ ಎಷ್ಟೋ ವರ್ಷಗಳ ನಂತರ.

ಹನ್ನೆರಡನೆಯ ಶತಮಾನದ ಶರಣರು ಈ ಬೇಲಿಗಳಿಗೆ ಕಂಡುಕೊಂಡ ಉತ್ತರ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಗರ್ಭಗುಡಿಯ ಬಾಗಿಲಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಜಗಳವನ್ನೇ ಅವರು ಬದಿಗಿಟ್ಟರು. ದೇವರನ್ನು ತಂದು ಅಂಗೈಯಲ್ಲಿ ಇಟ್ಟುಕೊಂಡರು. ಮುಟ್ಟಿನ ಸೂತಕ, ಹೆರಿಗೆಯ ಸೂತಕ, ಜಾತಿಯ ಸೂತಕ, ಸಾವಿನ ಸೂತಕ, ಎಂಜಲಿನ ಸೂತಕ, ಐದನ್ನೂ ಒಪ್ಪಲಿಲ್ಲ. ಮುಟ್ಟಾದ ಹೆಣ್ಣಿನ ಕೈಯಲ್ಲೂ ಇಷ್ಟಲಿಂಗ ಇರಬಹುದಾಗಿತ್ತು. ಬಿಟ್ಟ ಸೂತಕಗಳು ಆಮೇಲೆ ಒಂದೊಂದಾಗಿ ಎಷ್ಟೋ ಮನೆಗಳಿಗೆ ಮರಳಿ ಬಂದವು ಎಂಬುದೂ ನಿಜ.

ಮುಟ್ಟಿನ ಸೋದರ ಪದ 'ಸೋಂಕು' ಇನ್ನೂ ಹೆಚ್ಚು ನೊಂದಿದೆ. ಪಂಪ ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ತೆಂಕಣದ ಗಾಳಿ ಮೈಗೆ ತಾಗುವುದಕ್ಕೆ ಬಂದ ಮಾತು ಅದು. ಗಾಳಿಯ ಸ್ಪರ್ಶ, ಕಿವಿಗೆ ಬಿದ್ದ ಒಳ್ಳೆಯ ಮಾತು, ಹಾಡು, ಅರಳಿದ ಮಲ್ಲಿಗೆ, ಯಾವ ಇಂದ್ರಿಯದ ಬಾಗಿಲಿನಿಂದ ಏನೇ ಬಂದರೂ ಅವನಿಗೆ ತನ್ನ ನಾಡೇ ನೆನಪಾಗುತ್ತದೆ. ಸಾವಿರ ವರ್ಷಗಳ ಬಳಿಕ, 2020ರ ಹೊತ್ತಿಗೆ, ನಮ್ಮ ಪತ್ರಿಕೆಗಳಲ್ಲಿ ಸೋಂಕು ಎಂದರೆ ರೋಗ, ಸೋಂಕಿತ ಎಂದರೆ ದೂರ ಇಡಬೇಕಾದವನು. ಅದನ್ನು ಮತ್ತೆ ಗಾಳಿಗೆ ಬಿಟ್ಟುಕೊಡುವುದು ಕವಿಗಳಿಗೂ ಕಷ್ಟ.

ಮುಟ್ಟು ಅಷ್ಟು ಸೋತಿಲ್ಲ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನದ ಸಂಬಳಸಹಿತ ರಜೆಗೆ ಒಪ್ಪಿಗೆ ಕೊಟ್ಟಾಗ ಸುದ್ದಿಯಲ್ಲಿ ಎರಡು ಹೆಸರು ಓಡಾಡಿದವು: 'ಋತುಚಕ್ರ ರಜೆ', 'ಮುಟ್ಟಿನ ರಜೆ'. ಮೊದಲನೆಯದು ಗೌರವದ್ದು ಎಂದು ಹಲವರಿಗೆ ಅನ್ನಿಸುತ್ತದೆ. ನನ್ನ ಒಲವು ಎರಡನೆಯದಕ್ಕೆ. ಸಂಸ್ಕೃತದ ಸೆರಗು ಹೊದಿಸದೆ, 'ಪೀರಿಯಡ್ಸ್' ಎಂದು ಇಂಗ್ಲಿಷಿನ ಮರೆಗೂ ಸರಿಯದೆ, ಗಾರ್ಮೆಂಟ್ಸ್ ಕಾರ್ಖಾನೆಯ ಹುಡುಗಿಯೊಬ್ಬಳು ರಜೆಚೀಟಿಯಲ್ಲಿ ಕಾರಣದ ಮುಂದೆ 'ಮುಟ್ಟು' ಎಂದು ಬರೆದು ಸೂಪರ್‌ವೈಸರನ ಕೈಗೇ ಕೊಡಬೇಕು, ಅವನೂ ಕೈಚಾಚಿ ತೆಗೆದುಕೊಳ್ಳಬೇಕು.