ಎಪಿಐ ಕೀಗಳ ಆಯುಸ್ಸು: ಟೆಸ್ಟ್ ಮತ್ತು ಲೈವ್ ವ್ಯವಸ್ಥೆಗಳ ಸುರಕ್ಷತೆ ಕುರಿತು ಒಂದು ವಿವೇಚನೆ

ಒಂದು ತಂತ್ರಾಂಶ ಇನ್ನೊಂದರಿಂದ ಸೇವೆ ಕೇಳುವಾಗ ತೋರಿಸುವ ಅಕ್ಷರಮಾಲೆಯೇ ಎಪಿಐ ಕೀ. ಬಹುತೇಕ ಸಂದರ್ಭಗಳಲ್ಲಿ ಅದು ಯಾರ ಕೈಯಲ್ಲಿದೆಯೋ ಅವರಿಗೆ ಸೇವೆ ಸಿಗುತ್ತದೆ. ಅದನ್ನು ಗುಟ್ಟಾಗಿಡಬೇಕೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಆದರೆ ಗುಟ್ಟು ಒಂದಲ್ಲ ಒಂದು ದಿನ ರಟ್ಟಾಗುತ್ತದೆಂದು ಎಣಿಸಿಯೇ ವ್ಯವಸ್ಥೆ ಕಟ್ಟಬೇಕು. ಕೀಯನ್ನು ಎಷ್ಟು ಬೇಗ ಬದಲಿಸಬಲ್ಲೆವು ಎಂಬುದೇ ಸುರಕ್ಷತೆಯ ಅಳತೆ ಎಂಬುದು ಪ್ರಸ್ತುತ ಲೇಖನದ ವಾದ.

ಎರಡು ಪ್ರಕರಣಗಳು

ಕಾರು ಕಂಪನಿ ಟೊಯೋಟಾದ ಗ್ರಾಹಕ ಸೇವೆ ಟಿ-ಕನೆಕ್ಟ್‌ನ ಜಾಲತಾಣದ ಸೋರ್ಸ್ ಕೋಡ್‌ನ ಒಂದು ಭಾಗ 2017ರ ಡಿಸೆಂಬರ್‌ನಲ್ಲಿ ಕೋಡ್ ಹಂಚಿಕೆಯ ತಾಣ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಯಿತು. ಡೇಟಾ ಸರ್ವರ್‌ನ ಕೀ ಅದರೊಳಗೇ ಇತ್ತು. ಇದು ಗಮನಕ್ಕೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. 2,96,019 ಗ್ರಾಹಕರ ಇಮೇಲ್ ವಿಳಾಸ ಸೋರಿರಬಹುದೆಂದು ಕಂಪನಿ ತಿಳಿಸಿತು. ಐದು ವರ್ಷಗಳ ಹತ್ತಿರ ಅದೇ ಕೀ ಚಾಲ್ತಿಯಲ್ಲಿ ಉಳಿದದ್ದರಿಂದಲೇ ಅಪಾಯ ಇಷ್ಟು ದೀರ್ಘವಾಯಿತು.

ಹೊರಗಿನವರಿಗೆ ತೆರೆಯದ ಖಾಸಗಿ ರೆಪಾಸಿಟರಿಯೂ (ಕೋಡ್ ಭಂಡಾರ) ಪೂರ್ಣ ಆಸರೆಯಾಗಲಾರದು. 2016ರಲ್ಲಿ ಊಬರ್‌ನ ಖಾಸಗಿ ಕೋಡ್‌ ಒಳಹೊಕ್ಕವರಿಗೆ ಅಮೆಜಾನ್ ಕ್ಲೌಡ್‌ನ ಕೀ ಸಿಕ್ಕಿ, ಸುಮಾರು 5.7 ಕೋಟಿ ಬಳಕೆದಾರರ ಮತ್ತು ಚಾಲಕರ ಮಾಹಿತಿ ಕಳುವಾಯಿತು.

ಅಳಿಸಿದರೂ ಉಳಿಯುವ ಕೀ

ಕೋಡ್‌ನಲ್ಲಿ ಬರೆದಿಟ್ಟ ಕೀಯನ್ನು ಮರುದಿನ ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಮಾಡಿದರೆ ಕಡತ ಶುದ್ಧವಾಗಿ ಕಾಣುತ್ತದೆ. ಆದರೆ ಹಳೆಯ ಕಮಿಟ್ ತೆರೆದು ನೋಡಿದವರಿಗೆ ಕೀ ಅಲ್ಲೇ ಸಿಗುತ್ತದೆ. ಸೋರಿದ ಕೀಯನ್ನು ರದ್ದುಪಡಿಸುವುದೇ ಮೊದಲ ಕೆಲಸ. ಇತಿಹಾಸ ತೊಳೆಯುವುದು ಆಮೇಲಿನದು.

ಟೆಸ್ಟ್ ಮತ್ತು ಲೈವ್

ಬೆಂಗಳೂರಿನ ಪಾವತಿ ಸೇವಾ ಕಂಪನಿ ರೇಜರ್‌ಪೇ ಟೆಸ್ಟ್ (ಪರೀಕ್ಷೆ) ಮತ್ತು ಲೈವ್‌ಗೆ (ನಿಜ ಬಳಕೆ) ಬೇರೆಬೇರೆ ಕೀ ಕೊಡುತ್ತದೆ. ಯಾವುದು ಯಾವುದೆಂದು ಕೀಯ ಆರಂಭದ ಅಕ್ಷರಗಳೇ ಹೇಳುತ್ತವೆ. ಟೆಸ್ಟ್ ಕೀಯಿಂದ ನಿಜವಾದ ಹಣ ಕದಲುವುದಿಲ್ಲ. ಆದರೆ ಟೆಸ್ಟ್ ಸರ್ವರ್‌ಗೆ ಅಸಲಿ ಗ್ರಾಹಕರ ಮಾಹಿತಿಯ ಪ್ರತಿಯನ್ನು ಸುರಿದರೆ ಈ ವಿಂಗಡಣೆ ಹೆಸರಿಗಷ್ಟೇ ಉಳಿಯುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಪ್ರತಿಪಾದಿಸಿದ ತತ್ತ್ವ ಎರಡೂ ಕಡೆ ಅನ್ವಯಿಸುತ್ತದೆ.

ಬದಲಿಸುವ ಕ್ರಮ

ಅಮೆಜಾನ್ ಕ್ಲೌಡ್‌ನಲ್ಲಿ ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ ಎರಡು ಕೀ ಇರಬಹುದು. ಹೊಸದನ್ನು ಸೃಷ್ಟಿಸಿ, ಎಲ್ಲ ಸರ್ವರ್‌ಗಳಿಗೂ ತಲುಪಿಸಿ, ಹಳೆಯದು ಕೊನೆಯದಾಗಿ ಬಳಕೆಯಾದದ್ದು ಯಾವಾಗ ಎಂದು ನೋಡಿ, ಮೊದಲು ಅದನ್ನು ನಿಷ್ಕ್ರಿಯಗೊಳಿಸಿ, ತೊಂದರೆ ಕಾಣದಿದ್ದರೆ ಅಳಿಸಬೇಕು. ಹೀಗೆ ಮಾಡಿದರೆ ಸೇವೆ ನಿಲ್ಲುವುದಿಲ್ಲ.

ಯಾವ ಕೀ ಎಲ್ಲೆಲ್ಲಿದೆ ಎಂಬ ಪಟ್ಟಿಯಿಲ್ಲದ ತಂಡ ಬದಲಿಸಲು ಅಂಜುತ್ತದೆ. ಆ ಅಂಜಿಕೆಯೇ ಸೋರಿದ ಕೀಗೆ ಆಯುಸ್ಸು ಕೊಡುತ್ತದೆ. ಆದ್ದರಿಂದ ಕೀಗಳನ್ನು ಕೋಡ್‌ನಿಂದ ಹೊರಗೆ, ಗುಟ್ಟಿನ ಮಾಹಿತಿ ಕಾಯುವ ಸೀಕ್ರೆಟ್ ಮ್ಯಾನೇಜರ್‌ನಲ್ಲಿಟ್ಟು, ಬದಲಿಸುವ ಕ್ರಮವನ್ನು ಟೆಸ್ಟ್ ವ್ಯವಸ್ಥೆಯಲ್ಲಿ ಆಗಾಗ ಅಭ್ಯಾಸ ಮಾಡುವುದು ಪ್ರತಿ ತಂಡದ ಕರ್ತವ್ಯ.