ಬೆಂಗಳೂರಿನ ಬಾಡಿಗೆ ನಿಯಂತ್ರಣ ಮತ್ತು ಸ್ವಂತ ಮನೆಯ ಪ್ರಶ್ನೆ

ಬೆಂಗಳೂರಿನ ವಸತಿ ಚರಿತ್ರೆಯನ್ನು ಬಡಾವಣೆಗಳ ವಿಸ್ತರಣೆಯ ಕಥನವಾಗಿ ನೋಡುವುದು ರೂಢಿ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಿಂದ 1945ರ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯವರೆಗೆ ಈ ಕಥನ ಸಾಗುತ್ತದೆ. ಬಾಡಿಗೆಯ ಶಾಸನಗಳನ್ನು ಇದರೊಡನೆ ಓದಿದಾಗ ಬೇರೊಂದು ಚಿತ್ರ ದೊರೆಯುತ್ತದೆ.

1961ರ ಬಾಡಿಗೆ ನಿಯಂತ್ರಣ ಅಧಿನಿಯಮವು ನ್ಯಾಯೋಚಿತ ಬಾಡಿಗೆಯನ್ನು ಗೊತ್ತುಪಡಿಸಲು ಅವಕಾಶ ನೀಡಿ, ಸಕಾರಣವಿಲ್ಲದ ತೆರವನ್ನು ತಡೆಯಿತು. ಮಾಲೀಕನು ಸ್ವಂತ ಅಗತ್ಯವನ್ನು ಸಿದ್ಧಪಡಿಸಿದರೂ, ಇಬ್ಬರಲ್ಲಿ ಯಾರಿಗೆ ಹೆಚ್ಚಿನ ಸಂಕಷ್ಟವೆಂಬುದನ್ನು ನ್ಯಾಯಾಲಯವು ತೂಗಿ ನೋಡಬೇಕಿತ್ತು. ಆದರೆ ಅದೇ ಅಧಿನಿಯಮದ 21ನೆಯ ಪ್ರಕರಣದಂತೆ, ಬಾಡಿಗೆದಾರನು ತಕ್ಕ ಮನೆಯನ್ನು ಕಟ್ಟಿದರೆ ಅಥವಾ ಪಡೆದರೆ ಅದುವೇ ತೆರವಿಗೆ ಕಾರಣವಾಗುತ್ತಿತ್ತು. ಇತ್ತ 1976ರಲ್ಲಿ ರಚಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು, 1984ರ ನಿಯಮಗಳನ್ವಯ, ನಗರದಲ್ಲಿ ಸ್ವಂತ ಮನೆಯಾಗಲಿ ನಿವೇಶನವಾಗಲಿ ಇಲ್ಲದವರನ್ನೇ ಹಂಚಿಕೆಗೆ ಅರ್ಹರೆಂದು ಪರಿಗಣಿಸಿತು. ಹೀಗೆ ನಿವೇಶನಾಕಾಂಕ್ಷಿಯು ಕಾಯಬೇಕಾದುದು ಬಾಡಿಗೆ ಮನೆಯಲ್ಲಿ. ಆ ನಿರೀಕ್ಷೆಯ ಹೊರೆಯಲ್ಲಿ ಒಂದು ಪಾಲು ನಿಯಂತ್ರಿತ ಬಾಡಿಗೆ ಪಡೆಯುತ್ತಿದ್ದ ಮಾಲೀಕನದಾಯಿತು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಬಾಡಿಗೆ ಅಧಿನಿಯಮವು ಬೆಂಗಳೂರಿನಂತಹ ನಗರಗಳಲ್ಲಿ ಮಾಸಿಕ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬಾಡಿಗೆಗಳು ಏರಿದಂತೆ ರಕ್ಷಣೆಯ ಪರಿಧಿ ಕಿರಿದಾಯಿತು. ಆದುದರಿಂದ ಈ ವ್ಯಾಜ್ಯಗಳನ್ನು ಮಾಲೀಕ–ಬಾಡಿಗೆದಾರರಿಬ್ಬರ ಕಲಹವೆಂದಷ್ಟೇ ಗ್ರಹಿಸಲಾಗದು. ನಿವೇಶನದ ಅಭಾವವು ಅವುಗಳ ಅಗೋಚರವಾದ ಮೂರನೆಯ ಪಕ್ಷವಾಗಿತ್ತು.