ಹಸುವಿನ ಪಿತ್ತದಿಂದ ಹುಟ್ಟಿದ ಔಷಧಿ, ಹಸುವಿನ ಕೊಟ್ಟಿಗೆಗೇ ಬಂದ ಕಥೆ

ಮೇವು ಬಿಟ್ಟು ಜೋತುಬಿದ್ದ ಹಸು ಒಂದೇ ಸೂಜಿಗೆ ಚೇತರಿಸಿಕೊಂಡು ಹುಲ್ಲಿಗೆ ಬಾಯಿ ಹಾಕಿದರೆ, ಕಟ್ಟೆಮಳಲವಾಡಿ ಕಡೆ ನಾವೆಲ್ಲ ಹೇಳುವ ಮಾತು ಒಂದೇ: 'ಕೈಗುಣ ಚೆನ್ನಾಗಿದೆ.' ಎಷ್ಟೋ ಸಲ ಆ ಕೈಗುಣದ ಹಿಂದೆ ಇರುವುದು ಸ್ಟೀರಾಯ್ಡ್ ಎಂಬ ಔಷಧಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಬಾಟಲಿ ಮೇಲೆ ಬರೆದಿರುತ್ತದಲ್ಲ, ಅದೇ.

ಇದು ಹೊರಗಿನಿಂದ ಬಂದ ವಿಷವೂ ಅಲ್ಲ, ಅಮೃತವೂ ಅಲ್ಲ. ಮನುಷ್ಯನಿಗಾಗಲಿ ದನಕ್ಕಾಗಲಿ, ಮೂತ್ರಪಿಂಡದ ಪಕ್ಕ ಅಡ್ರಿನಲ್ ಎಂಬ ಸಣ್ಣ ಗ್ರಂಥಿ ಇದೆ. ಅದರಲ್ಲಿ ಊರುವ ರಸದ ತದ್ರೂಪನ್ನೇ ಕಾರ್ಖಾನೆಯಲ್ಲಿ ಮಾಡಿದ್ದು.

1944ರಲ್ಲಿ ಅಮೆರಿಕದ ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಅದನ್ನು ಮೊದಲು ತಯಾರಿಸಿದರು. ಕಚ್ಚಾ ಮಾಲು ಯಾವುದು ಗೊತ್ತಾ? ಕಸಾಯಿಖಾನೆಯಿಂದ ತಂದ ದನದ ಪಿತ್ತರಸ. ಅದರಿಂದ ಮೂವತ್ತಕ್ಕೂ ಹೆಚ್ಚು ಹಂತ ದಾಟಿ ಚಿಟಿಕೆಯಷ್ಟು ಕಾರ್ಟಿಸೋನ್ ಸಿಗುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್, ಸಂಧಿವಾತದಿಂದ ಕೈಕಾಲು ಹಿಡಿದುಹೋಗಿದ್ದ ಹೆಂಗಸೊಬ್ಬರಿಗೆ ಅದನ್ನು ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆಮೇಲೆ ಮೆಕ್ಸಿಕೋದ ಕಾಡುಗೆಣಸು, ಒಂದು ಜಾತಿಯ ಬೂಷ್ಟು ಎಲ್ಲ ಸೇರಿ ಔಷಧಿ ಅಗ್ಗವಾಯಿತು. 1950ರ ದಶಕದ ಶುರುವಿನಲ್ಲೇ ಅಮೆರಿಕದ ಡೈರಿ ಹಸುಗಳಿಗೆ ಕೀಟೋಸಿಸ್ ಕಾಯಿಲೆಗೆ ಕೊಟ್ಟು ನೋಡಿದರು.

ಕೀಟೋಸಿಸ್ ನಮ್ಮ ಹಳೇ ದನಗಳಿಗೆ ಹೆಚ್ಚು ಗೊತ್ತಿಲ್ಲದ ಕಾಯಿಲೆ. ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ದನಗಳ ಕೇಂದ್ರವಾಗಿತ್ತು. 1813ರಲ್ಲಿ ಬ್ರಿಟಿಷ್ ಸೇನೆ ಆ ಹಿಂಡನ್ನು ವಹಿಸಿಕೊಂಡಿದ್ದು ಫಿರಂಗಿ ಎಳೆಸುವುದಕ್ಕೇ ಹೊರತು ಹಾಲಿಗಲ್ಲ. (1860ರಲ್ಲಿ ಖರ್ಚು ಉಳಿಸಲು ಹಿಂಡನ್ನು ಚದುರಿಸಿ, 1866ರಲ್ಲಿ ಮತ್ತೆ ಕಟ್ಟಿದರು. ಸರ್ಕಾರದ ಲೆಕ್ಕಾಚಾರ ಆಗಲೂ ಹಾಗೇ.) ಅಮೃತಮಹಲ್, ಹಳ್ಳಿಕಾರ್ ಹಸು ಕರುವಿಗೆ ಸಾಕಾಗುವಷ್ಟು, ಮೇಲೆ ಒಂದಿಷ್ಟು ಹಾಲು ಕೊಡುತ್ತಿತ್ತು. ಡೈರಿ ಸಂಘ ಬಂದು ಸೀಮೆಹಸು ಕಟ್ಟಿದ ಮೇಲೆ ಲೆಕ್ಕ ಬದಲಾಯಿತು. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲಿಗೆ ಹೋಗುವ ಸಕ್ಕರೆ ಅಂಶದಷ್ಟು ಮೇವಿನಿಂದ ಒಳಗೆ ಬರುವುದಿಲ್ಲ. ಹಸು ತನ್ನ ಮೈಕೊಬ್ಬನ್ನೇ ಕರಗಿಸುತ್ತದೆ. ಹಿಂಡಿ ಮುಟ್ಟುವುದಿಲ್ಲ, ಹಾಲು ಇಳಿಯುತ್ತದೆ, ಉಸಿರಿನಲ್ಲಿ ಒಂಥರಾ ಹಣ್ಣಿನ ವಾಸನೆ. ಸ್ಟೀರಾಯ್ಡ್ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಹಾಲನ್ನು ಕೊಂಚ ತಗ್ಗಿಸಿ ಭಾರ ಇಳಿಸುತ್ತದೆ. ಜೊತೆಗೆ ಗ್ಲೂಕೋಸ್ ಹಾಕುತ್ತಾರೆ. ಇದು ನ್ಯಾಯವಾದ ಬಳಕೆ. ಅಲರ್ಜಿಗೆ, ಕೆಲವು ಬಗೆಯ ಕೀಲು ಊತಕ್ಕೂ ಹಾಗೇ.

ಅಪಾಯ ಇರುವುದು ಗಬ್ಬದ ಹಸುವಿನಲ್ಲಿ. ಇದನ್ನು ಬಿಡಿಸಿ ತೋರಿಸಿದ್ದು ನ್ಯೂಜಿಲೆಂಡಿನ ಹೆರಿಗೆ ವೈದ್ಯ ಗ್ರಹಾಂ ಲಿಗಿನ್ಸ್. ಹೆರಿಗೆ ಯಾವಾಗ ಎಂದು ತೀರ್ಮಾನಿಸುವುದು ತಾಯಿಯೋ ಮರಿಯೋ ಎಂಬ ಪ್ರಶ್ನೆ ಹಿಡಿದು ಅವರು 1960ರ ದಶಕದಲ್ಲಿ ಕುರಿಗಳ ಮೇಲೆ ಪ್ರಯೋಗ ಮಾಡಿದರು. ಉತ್ತರ: ಮರಿ. ದಿನ ತುಂಬಿದಾಗ ಹೊಟ್ಟೆಯೊಳಗಿನ ಮರಿಯ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ, ಅದೇ 'ನಾನು ತಯಾರು' ಎಂಬ ಸುದ್ದಿ. ಅದೇ ಪ್ರಯೋಗದಲ್ಲಿ, ಔಷಧಿ ಪಡೆದು ದಿನ ತುಂಬುವ ಮೊದಲೇ ಹುಟ್ಟಿದ ಮರಿ ಉಸಿರಾಡಿದ್ದು ಕಂಡಿತು. 1972ರಲ್ಲಿ ಲಿಗಿನ್ಸ್ ಮತ್ತು ಹೋವಿ ಅದನ್ನು ಬಸುರಿ ಹೆಂಗಸರಲ್ಲಿ ಸಾಬೀತುಮಾಡಿದರು. ತಿಂಗಳು ತುಂಬದೆ ನೋವು ಬಂದರೆ ಮಗುವಿನ ಶ್ವಾಸಕೋಶಕ್ಕೆ ಅಂತ ಇವತ್ತು ಸೂಜಿ ಹಾಕುತ್ತಾರಲ್ಲ, ಅದರ ಬೇರು ಕುರಿದೊಡ್ಡಿಯಲ್ಲಿದೆ.

ಹಸುವಿನಲ್ಲೂ ಹಾಗೇ. ಕೊನೆಯ ತಿಂಗಳುಗಳಲ್ಲಿ ಜ್ವರಕ್ಕೋ ಕಾಲುನೋವಿಗೋ ಸ್ಟೀರಾಯ್ಡ್ ಬಿದ್ದರೆ, ಕರು ಕಳಿಸಬೇಕಾದ ಸುದ್ದಿಯನ್ನು ಸೂಜಿ ಕಳಿಸಿಬಿಡುತ್ತದೆ. ದಿನ ಹತ್ತಿರವಿದ್ದರೆ ಎರಡು ಮೂರು ದಿನದಲ್ಲೇ ಕರು ಬೀಳುತ್ತದೆ, ಬಹಳ ಸಲ ಸತ್ತೆ ಬೀಳದೆ ನಿಲ್ಲುತ್ತದೆ. ವೈದ್ಯರು ಬೇಕೆಂದೇ ಹೆರಿಗೆ ಮಾಡಿಸಲು ಇದನ್ನು ಬಳಸುವುದುಂಟು. ಗೊತ್ತಿಲ್ಲದೆ ಹಾಕಿಸಿದರೆ ಮಾತ್ರ ಒಂದು ಸೂಲಿನ ಹಾಲು, ಕರು ಎರಡೂ ಹೋದ ಹಾಗೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಸ್ಟೀರಾಯ್ಡ್ ಊತ, ಜ್ವರವನ್ನು ಅಡಗಿಸುತ್ತದೆ, ರೋಗಾಣುವನ್ನಲ್ಲ. ಮೈಯ ಕಾವಲುಗಾರರನ್ನೇ ಅದು ಮಲಗಿಸುತ್ತದೆ. ಅದಕ್ಕೇ ಮರುದಿನ ಹಸು ಲವಲವಿಕೆಯಿಂದ ಇದ್ದು, ವಾರದಲ್ಲಿ ಮೊದಲಿಗಿಂತ ಕೆಡಬಹುದು. ಕಾಲುಬಾಯಿ ಜ್ವರದಂಥ ವೈರಸ್ ಕಾಯಿಲೆಯಲ್ಲಿ ಕಾವಲು ಮಲಗಿದರೆ ಪುಣ್ಯ ಗಟ್ಟಿ ಇರಬೇಕು. ಕರು ಹಾಕಿದ ಒಂದೆರಡು ದಿನದಲ್ಲೇ ಮಲಗಿದ ಹಸುವಿಗಂತೂ ಸಾಮಾನ್ಯವಾಗಿ ಬೇಕಾಗಿರುವುದು ಕ್ಯಾಲ್ಸಿಯಂ ಬಾಟಲಿ, ಸ್ಟೀರಾಯ್ಡ್ ಅಲ್ಲ.

ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಇದು. ಸೂಜಿ ಎತ್ತುವ ಮೊದಲೇ ಗಬ್ಬ ಎಷ್ಟು ತಿಂಗಳು ಅಂತ ನಾವೇ ಬಾಯಿಬಿಟ್ಟು ಹೇಳಬೇಕು, ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತ ಕೇಳಬೇಕು. ಪಶು ಆಸ್ಪತ್ರೆ ದೂರ ಇದ್ದವರು 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಸಿಗುತ್ತದೆ.